ಫ್ಯಾರಡೆಯ ಕೆಂಪು ಚಿನ್ನ

ಹೈದರಾಬಾದಿಗೆ ಬಂದು ಲ್ಯಾಬ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಂದು ಎಡವಟ್ಟು ಮಾಡಿದ್ದೆ. ಟೆಸ್ಟ್ ಕಿಟ್‌ಗೆಂದು ಮಾಡಿಟ್ಟಿದ್ದ ಚಿನ್ನದ ದ್ರಾವಣಕ್ಕೆ ಪಾಲಿಮರ್ ಸೇರಿಸುವ ಮೊದಲೇ ಉಪ್ಪುನೀರು ಸುರಿದುಬಿಟ್ಟೆ. ದಾಳಿಂಬೆ ರಸದಂತಿದ್ದದ್ದು ಕಣ್ಣೆದುರೇ ನೀಲಿಯಾಯಿತು. ಮರುದಿನ ತಳದಲ್ಲಿ ಕಪ್ಪು ಗಸಿ ಮಾತ್ರ ಉಳಿದಿತ್ತು.

ಹೌದು, ಬಹಳ ಸಣ್ಣ ಕಣಗಳಾದರೆ ಚಿನ್ನ ಕೆಂಪಗೆ ಕಾಣುತ್ತದೆ. ಕೋವಿಡ್ ಕಾಲದಲ್ಲಿ ನಾವು ಉಸಿರು ಬಿಗಿಹಿಡಿದು ನೋಡಿದ ಕೆಂಪು ಗೆರೆ ಅನೇಕ ಕಿಟ್‌ಗಳಲ್ಲಿ ಚಿನ್ನದ ನ್ಯಾನೋಕಣಗಳದ್ದೇ. ಇದರ ಗುಟ್ಟನ್ನು ಮೊದಲು ಕೂಲಂಕಷವಾಗಿ ಹುಡುಕಿದವರು ಮೈಕೆಲ್ ಫ್ಯಾರಡೆ. ಡೈನಮೋದ ಫ್ಯಾರಡೆಯನ್ನು ಶಾಲೆಯಲ್ಲೇ ಓದಿದ್ದೇವೆ. ಚಿನ್ನದ ಫ್ಯಾರಡೆ ಅಷ್ಟು ಪರಿಚಿತರಲ್ಲ.

1791ರಲ್ಲಿ ಲಂಡನ್ ಬಳಿ ಬಡ ಕಮ್ಮಾರನ ಮನೆಯಲ್ಲಿ ಹುಟ್ಟಿದ ಹುಡುಗ ಹದಿನಾಲ್ಕನೇ ವಯಸ್ಸಿಗೆ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯಲು ಸೇರಿದ. ಕಟ್ಟಲು ಬಂದ ಪುಸ್ತಕಗಳನ್ನೇ ಓದಿಕೊಂಡ. 1812ರಲ್ಲಿ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ ಹಿಡಿದು ಹಂಫ್ರಿ ಡೇವಿಯವರ ಉಪನ್ಯಾಸಗಳಿಗೆ ಹೋದ. ಕೇಳಿದ್ದನ್ನೆಲ್ಲ ಬರೆದು, ತಾನೇ ರಟ್ಟು ಕಟ್ಟಿ ಅವರಿಗೆ ಕಳಿಸಿದ. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನ ಕೆಲಸ ಸಿಕ್ಕಿತು. 1821ರಲ್ಲಿ ಸಾರಾ ಬರ್ನಾರ್ಡ್ ಜೊತೆ ಮದುವೆ. 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆ. ಮುಂದಿನದು ಲೋಕಕ್ಕೇ ಗೊತ್ತು.

ಗೊತ್ತಿಲ್ಲದ್ದು ಅವರ ಸಂಕಟ. ಐವತ್ತು ತುಂಬುವ ಮೊದಲೇ ಅವರ ಆರೋಗ್ಯ ಕುಸಿಯಿತು, ನೆನಪು ಕೈಕೊಡತೊಡಗಿತು. ಫ್ಯಾರಡೆ ಬರವಣಿಗೆಗೆ ಮೊರೆಹೋದರು. ಪ್ರಯೋಗದ ದಿನಚರಿಯಲ್ಲಿ ಪ್ರತಿ ಟಿಪ್ಪಣಿಗೂ ಸಂಖ್ಯೆ ಕೊಡುತ್ತಿದ್ದರು. ಕೊನೆಗೆ ಆ ಸಂಖ್ಯೆ 16 ಸಾವಿರ ದಾಟಿತು.

ಅರವತ್ತೈದರ ಆಸುಪಾಸಿನಲ್ಲಿ, ಬೆಳಕು ಚಿನ್ನದ ಮೂಲಕ ಹೇಗೆ ಹಾಯುತ್ತದೆಂದು ನೋಡಲು ಅವರು ಚಿನ್ನದ ತೆಳು ಪದರಗಳನ್ನು ಹಿಡಿದು ಕೂತರು. ಆ ಕೆಲಸದ ನಡುವೆ ಉಳಿದ ನೀರು ನಸುಗೆಂಪಾಗಿ ಕಂಡಿತು. ಇನ್ನೊಬ್ಬರಾದರೆ ಚೆಲ್ಲುತ್ತಿದ್ದರು. ಅವರು ಅದರ ಬೆನ್ನು ಹತ್ತಿದರು. ಗೋಲ್ಡ್ ಕ್ಲೋರೈಡ್ ದ್ರಾವಣಕ್ಕೆ ರಂಜಕ ಬೆರೆಸಿ ಮಾಣಿಕ್ಯದ ಬಣ್ಣದ ದ್ರವ ಮಾಡಿದರು. ಅದರೊಳಗೆ ಬೆಳಕಿನ ಕಿರಣ ಹಾಯಿಸಿದಾಗ ಕಿರಣದ ಹಾದಿಯೇ ಕಂಡಿತು. ಹಾಗಾದರೆ ಚಿನ್ನ ನೀರಲ್ಲಿ ಕರಗಿಲ್ಲ, ಕಣ್ಣಿಗೆ ಕಾಣದ ಕಣಗಳಾಗಿ ತೇಲುತ್ತಿದೆ ಎಂದು ತೀರ್ಮಾನಿಸಿದರು. ಚಿಟಿಕೆ ಉಪ್ಪು ಹಾಕಿದರೆ ಬಣ್ಣ ನೀಲಿಗೆ ತಿರುಗುತ್ತಿತ್ತು. ಮೊದಲೇ ಸ್ವಲ್ಪ ಜೆಲಟಿನ್ ಬೆರೆಸಿದ್ದರೆ ಕೆಂಪು ಹಾಗೇ ಉಳಿಯುತ್ತಿತ್ತು. 1857ರ ಫೆಬ್ರುವರಿಯಲ್ಲಿ ರಾಯಲ್ ಸೊಸೈಟಿಯ ಬೇಕರಿಯನ್ ಉಪನ್ಯಾಸದಲ್ಲಿ ತಮ್ಮ ಚಿನ್ನದ ಕೆಲಸವನ್ನು ಮುಂದಿಟ್ಟರು.

ಕಾರಣ ಇಂದು ನಮಗೆ ತಿಳಿದಿದೆ. ಕಣಗಳ ಮೇಲಿನ ಒಂದೇ ಬಗೆಯ ವಿದ್ಯುದಂಶ ಅವನ್ನು ಪರಸ್ಪರ ದೂರ ಇಡುತ್ತದೆ. ಉಪ್ಪು ಆ ವಿಕರ್ಷಣೆಯನ್ನು ಕುಂದಿಸಿದಾಗ ಕಣಗಳು ಗುಂಪುಗೂಡುತ್ತವೆ, ಬಣ್ಣ ಬದಲಾಗುತ್ತದೆ. ಜೆಲಟಿನ್‌ನಂಥ ಪಾಲಿಮರ್‌ನ ಉದ್ದ ಸರಪಳಿಗಳು ಕಣಕ್ಕೆ ಅಂಟಿಕೊಂಡು, ಇನ್ನೊಂದು ಕಣ ಹತ್ತಿರ ಬಾರದಂತೆ ತಡೆಯುತ್ತವೆ. ಫ್ಯಾರಡೆ ಕಾಲದಲ್ಲಿ ಈ ಸರಪಳಿ ಅಣುಗಳ ಕಲ್ಪನೆಯೇ ಇರಲಿಲ್ಲ. ಮುಂದೆ ರಿಚರ್ಡ್ ಜಿಗ್ಮಂಡಿ ಯಾವ ವಸ್ತು ಎಷ್ಟು ಕಾಪಾಡುತ್ತದೆಂದು ಅಳೆಯಲು ಇದೇ ಉಪ್ಪಿನ ಪರೀಕ್ಷೆಯನ್ನು ಬಳಸಿ ‘ಗೋಲ್ಡ್ ನಂಬರ್’ ಎಂಬ ಮಾನ ತಂದರು. ಜಿಗ್ಮಂಡಿಗೆ 1925ರ ನೊಬೆಲ್ ಬಂತು.

ಫ್ಯಾರಡೆ ನೈಟ್ ಪದವಿಯನ್ನು ಒಲ್ಲೆ ಎಂದರು. ರಾಯಲ್ ಸೊಸೈಟಿಯ ಅಧ್ಯಕ್ಷಗಿರಿಯನ್ನು ಎರಡು ಬಾರಿ ನಿರಾಕರಿಸಿದರು. ಮಕ್ಕಳಿಗೆ ಕ್ರಿಸ್‌ಮಸ್ ಉಪನ್ಯಾಸ ಕೊಡುವುದನ್ನು ಮಾತ್ರ ಎಪ್ಪತ್ತರ ಹತ್ತಿರ ಬರುವವರೆಗೂ ಬಿಡಲಿಲ್ಲ. ಆಮೇಲೆ ನೆನಪು ಇನ್ನಷ್ಟು ಸೋರಿತು, ಸಾರಾ ಜೊತೆಗಿದ್ದರು. 1867ರ ಆಗಸ್ಟ್ 25ರಂದು ಹ್ಯಾಂಪ್ಟನ್ ಕೋರ್ಟ್‌ನ ಮನೆಯಲ್ಲಿ ತೀರಿಕೊಂಡರು. ಹೈಗೇಟ್‌ನ ಸಮಾಧಿಯ ಮೇಲೆ ಇರುವುದು ಸರಳವಾದ ಕಲ್ಲು.

ಅವರು ಮಾಡಿದ ಚಿನ್ನದ ದ್ರವದ ಸೀಸೆಗಳು ಇಂದಿಗೂ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕೆಂಪಗೇ ಇವೆ. ನಮ್ಮ ಲ್ಯಾಬಿಗೆ ಹೊಸಬರು ಬಂದರೆ ನಾನೀಗ ಮೊದಲು ಬೇಕೆಂದೇ ಒಂದು ಹನಿ ಉಪ್ಪುನೀರು ಹಾಕಿ ಬಣ್ಣ ಕೆಡುವುದನ್ನು ತೋರಿಸುತ್ತೇನೆ. ಆಮೇಲೆ ನೋಟ್‌ಬುಕ್ ಕೊಟ್ಟು, ಕಂಡದ್ದನ್ನು ಸಂಖ್ಯೆ ಹಾಕಿ ಬರೆದಿಡಲು ಹೇಳುತ್ತೇನೆ.