ಮಂಜಿನಲ್ಲಿ ಮರೆಯಾದ ಸಭಾಧ್ಯಕ್ಷ ಬಾಲಯೋಗಿ

2002ರ ಮಾರ್ಚ್ 3, ಭಾನುವಾರ ಬೆಳಿಗ್ಗೆ. ಆಂಧ್ರಪ್ರದೇಶದ ಭೀಮಾವರಂನಿಂದ ಹೊರಟಿದ್ದ ಖಾಸಗಿ ಬೆಲ್ 206 ಹೆಲಿಕಾಪ್ಟರ್ ಕೃಷ್ಣಾ ಜಿಲ್ಲೆಯ ಕೈಕಲೂರು ಸಮೀಪ ಮೀನಿನ ಕೊಳಕ್ಕೆ ಬಿದ್ದಿತು. ಅದರಲ್ಲಿದ್ದ ಲೋಕಸಭಾಧ್ಯಕ್ಷ ಜಿ.ಎಂ.ಸಿ. ಬಾಲಯೋಗಿ, ಪೈಲಟ್ ಹಾಗೂ ಅಂಗರಕ್ಷಕ ದುರ್ಮರಣಕ್ಕೀಡಾದರು. ಬಾಲಯೋಗಿ ಅವರಿಗೆ ಆಗ ಕೇವಲ 50 ವರ್ಷ.

ಗಂಟಿ ಮೋಹನಚಂದ್ರ ಬಾಲಯೋಗಿ ಜನಿಸಿದ್ದು 1951ರ ಅಕ್ಟೋಬರ್ 1ರಂದು, ಪೂರ್ವ ಗೋದಾವರಿ ಜಿಲ್ಲೆಯ ಎದುರ್ಲಂಕ ಗ್ರಾಮದಲ್ಲಿ. ಗೋದಾವರಿಯ ಕವಲುಗಳು ಸುತ್ತುವರಿದ ಕೋನಸೀಮೆಯ ಊರದು. ತೆಲುಗಿನಲ್ಲಿ ಲಂಕ ಎಂದರೆ ನಡುಗಡ್ಡೆ. ದಲಿತ ಕೃಷಿಕ ಕುಟುಂಬದ ಈ ಹುಡುಗ ಆಂಧ್ರ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿ, ಕಾನೂನು ಪದವಿಯನ್ನೂ ಪಡೆದು, 1980ರಲ್ಲಿ ಕಾಕಿನಾಡದಲ್ಲಿ ವಕೀಲಿ ವೃತ್ತಿ ಆರಂಭಿಸಿದರು. 1985ರಲ್ಲಿ ಮ್ಯಾಜಿಸ್ಟ್ರೇಟ್ ಹುದ್ದೆಗೆ ಆಯ್ಕೆಯಾದರೂ ಬಹುಬೇಗ ರಾಜೀನಾಮೆಯಿತ್ತು ರಾಜಕೀಯಕ್ಕೆ ಧುಮುಕಿದರು. ಭದ್ರವಾದ ಸರ್ಕಾರಿ ಹುದ್ದೆ ತೊರೆಯುವುದು ಅಂಥ ಹಿನ್ನೆಲೆಯ ಯುವಕನಿಗೆ ಸಣ್ಣ ನಿರ್ಧಾರವೇನಲ್ಲ.

1987ರಲ್ಲಿ ಜಿಲ್ಲಾ ಪರಿಷತ್ ಅಧ್ಯಕ್ಷರಾದರು. 1991ರಲ್ಲಿ ತೆಲುಗುದೇಶಂ ಅಭ್ಯರ್ಥಿಯಾಗಿ ಅಮಲಾಪುರಂ ಕ್ಷೇತ್ರದಿಂದ ಲೋಕಸಭೆಗೆ ಬಂದರು. 1996ರಲ್ಲಿ ಸೋತರೂ ಮುಮ್ಮಿಡಿವರಂ ಉಪಚುನಾವಣೆಯಲ್ಲಿ ಗೆದ್ದು ರಾಜ್ಯದ ಉನ್ನತ ಶಿಕ್ಷಣ ಸಚಿವರಾದರು. 1998ರಲ್ಲಿ ಮತ್ತೆ ಸಂಸದರಾಗಿ, ಅದೇ ಮಾರ್ಚ್ 24ರಂದು ಸ್ಪೀಕರ್ ಪೀಠವೇರಿದಾಗ ಅವರ ಹೆಸರು ದೆಹಲಿಯಲ್ಲೇ ಅನೇಕರಿಗೆ ಅಪರಿಚಿತ. ಆ ಪೀಠವೇರಿದ ಮೊದಲ ದಲಿತರು ಅವರು. ಪ್ರಾದೇಶಿಕ ಪಕ್ಷದಿಂದ ಬಂದವರಲ್ಲಿಯೂ ಮೊದಲಿಗರು.

ಅವರ ಅವಧಿಯ ಅಗ್ನಿಪರೀಕ್ಷೆ ಎದುರಾದದ್ದು 1999ರ ಏಪ್ರಿಲ್ 17ರಂದು. ವಾಜಪೇಯಿ ಸರ್ಕಾರದ ವಿಶ್ವಾಸಮತ ನಿರ್ಣಯ 269ಕ್ಕೆ 270 ಮತಗಳಿಂದ ಬಿದ್ದುಹೋಯಿತು. ಅದಾಗಲೇ ಒರಿಸ್ಸಾ ಮುಖ್ಯಮಂತ್ರಿಯಾಗಿದ್ದರೂ ಸಂಸತ್ ಸದಸ್ಯತ್ವ ಬಿಡದಿದ್ದ ಗಿರಿಧರ್ ಗಮಾಂಗ್ ಮತ ಹಾಕಬಹುದೇ ಎಂಬ ಪ್ರಶ್ನೆಯನ್ನು ಬಾಲಯೋಗಿ ಅವರು ಗಮಾಂಗರ ಆತ್ಮಸಾಕ್ಷಿಗೇ ಬಿಟ್ಟರು. ಗಮಾಂಗ್ ಸರ್ಕಾರದ ವಿರುದ್ಧ ಮತ ಹಾಕಿದರು. ತಮ್ಮ ಪಕ್ಷ ಬೆಂಬಲಿಸಿದ್ದ ಸರ್ಕಾರವೇ ಉರುಳುವುದನ್ನು ಸ್ಪೀಕರ್ ಪೀಠದಿಂದ ನೋಡಬೇಕಾಯಿತು. ಆ ನಿಲುವು ಸರಿಯೇ ಎಂಬ ಚರ್ಚೆ ಏನೇ ಇರಲಿ, ಪಕ್ಷಪಾತದ ಆರೋಪವನ್ನಂತೂ ಅವರ ಮೇಲೆ ಹೊರಿಸುವಂತಿರಲಿಲ್ಲ. 1999ರ ಅಕ್ಟೋಬರ್‌ನಲ್ಲಿ ಹೊಸ ಲೋಕಸಭೆ ಅವರನ್ನೇ ಮತ್ತೆ ಸ್ಪೀಕರ್ ಆಗಿ ಆರಿಸಿತು. 2001ರ ಡಿಸೆಂಬರ್ 13ರಂದು ಸಂಸತ್ ಭವನದ ಮೇಲೆ ಉಗ್ರರ ದಾಳಿ ನಡೆದಾಗ ಸದನದ ಹೊಣೆ ಅವರದೇ ಆಗಿತ್ತು.

ಆ ದಾಳಿಯಾಗಿ ಮೂರು ತಿಂಗಳು ತುಂಬುವ ಮೊದಲೇ ಕೈಕಲೂರಿನ ದುರಂತ. ಕೊಲ್ಲೇರು ಸರೋವರದ ಅಂಚಿನ ಆ ಪ್ರದೇಶದ ತುಂಬ ಮೀನಿನ ಕೊಳಗಳು. ದಟ್ಟ ಮಂಜಿನಿಂದ ದಾರಿ ಕಾಣದಾದಾಗ ತುರ್ತಾಗಿ ಇಳಿಯಲೆತ್ನಿಸಿದ ಪೈಲಟ್, ಕೊಳವನ್ನೇ ಗಟ್ಟಿ ನೆಲವೆಂದು ಬಗೆದರೆಂದು ಆಗ ವರದಿಯಾಯಿತು. ಇದು ಅನುಭವಿ ಪೈಲಟ್‌ಗಳನ್ನೂ ಕಾಡುವ ಭ್ರಮೆ. ಅಲೆಯಿಲ್ಲದ ನೀರಿನ ಮೇಲೆ ಕಣ್ಣಿಗೆ ಆಧಾರವಾಗುವ ಗುರುತು ಸಿಗದು. ಎತ್ತರದ ಅಂದಾಜು ತಪ್ಪುತ್ತದೆ. ಮಂಜು ಸೇರಿದರೆ ದಿಗಂತವೂ ಅಳಿಸಿಹೋಗುತ್ತದೆ. ಹೆಲಿಕಾಪ್ಟರಿನ ಎಂಜಿನ್, ರೋಟರ್‌ಗಳ ಭಾರವೆಲ್ಲ ಮೇಲ್ಭಾಗದಲ್ಲಿರುವುದರಿಂದ ನೀರಿಗೆ ಬಿದ್ದೊಡನೆ ಅದು ಮಗುಚಿಕೊಳ್ಳುವ ಸಂಭವವೇ ಹೆಚ್ಚು. ಎಲ್ಲಿ ಬೇಕಾದರೂ ಇಳಿಯಬಲ್ಲದೆಂಬ ಕಾರಣಕ್ಕೇ ರಾಜಕಾರಣಿಗಳಿಗೆ ಪ್ರಿಯವಾದ ವಾಹನ, ಇಳಿಯುವ ಜಾಗ ಕಾಣದಿದ್ದಾಗ ಇಷ್ಟು ಅಸಹಾಯಕ. ಮಾಧವರಾವ್ ಸಿಂಧಿಯಾ ವಿಮಾನ ಅಪಘಾತದಲ್ಲಿ ಅಗಲಿ ಆಗ ಐದು ತಿಂಗಳಷ್ಟೇ ಕಳೆದಿತ್ತು.

ತೆರವಾದ ಅಮಲಾಪುರಂ ಕ್ಷೇತ್ರದಿಂದ ಪತ್ನಿ ವಿಜಯಕುಮಾರಿ ಲೋಕಸಭೆಗೆ ಆಯ್ಕೆಯಾದರು. 2024ರಲ್ಲಿ ಪುತ್ರ ಹರೀಶ್ ಅದೇ ಕ್ಷೇತ್ರದಲ್ಲಿ ಗೆದ್ದರು. ಯಾನಂ ಮತ್ತು ಎದುರ್ಲಂಕದ ನಡುವೆ ಗೌತಮಿ ಗೋದಾವರಿಯನ್ನು ದಾಟಿಸುವ ಸೇತುವೆಗೆ ಈಗ ಬಾಲಯೋಗಿ ಅವರ ಹೆಸರಿದೆ.