ಭದ್ರಾವತಿಯ ಲೆಕ್ಕದ ಪುಸ್ತಕ

ಬಾಲ್ಯದಲ್ಲಿ ದೇವದುರ್ಗದ ಟೂರಿಂಗ್ ಟಾಕೀಸಿನಲ್ಲಿ ಕಥಾಚಿತ್ರಕ್ಕೆ ಮೊದಲು ತೋರಿಸಿದ ಒಂದು ಹಳೆಯ ಸಾಕ್ಷ್ಯಚಿತ್ರ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದೆ. ಬಿದಿರು ಚೂರಾಗಿ, ಬೆಂದು, ತೊಳೆದು, ಕೊನೆಗೆ ಬೆಳ್ಳನೆಯ ಕಾಗದವಾಗಿ ಉರುಳೆಗೆ ಸುತ್ತಿಕೊಳ್ಳುತ್ತಿತ್ತು. ಬೇವು ಜಾಲಿಗಳನ್ನಷ್ಟೇ ಬಲ್ಲ ನಮಗೆ ಅದೊಂದು ಇಂದ್ರಜಾಲ. ಅದರ ಹಿಂದೆ ಲಾಭನಷ್ಟಗಳ ಪುಸ್ತಕವೂ ಇರುತ್ತದೆಂಬುದನ್ನು ನಾನು ಅರಿತದ್ದು ಬಹುಕಾಲದ ಮೇಲೆ, ಸರ್ ಎಂ. ವಿಶ್ವೇಶ್ವರಯ್ಯನವರ ಜೀವನವನ್ನು ಓದಿದಾಗ.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿದ ಅವರು 1883ರಲ್ಲಿ ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿದರು. 1908ರ ಮೂಸಿ ಪ್ರವಾಹದ ತರುವಾಯ ಹೈದರಾಬಾದಿಗೆ ಬಂದು ನೆರೆಯ ನಿಯಂತ್ರಣಕ್ಕೆ ಯೋಜನೆ ರೂಪಿಸಿದರು. ನಮ್ಮ ರಾಯಚೂರೂ ಆಗ ನಿಜಾಮರ ಸೀಮೆಯಲ್ಲಿತ್ತು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾನಿಲಯಗಳು ಆ ಕಾಲದವು. ಇವೆಲ್ಲ ಎಲ್ಲರೂ ಬಲ್ಲ ಸಂಗತಿಗಳು.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಭದ್ರಾವತಿ. ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಆದರೆ ಮೈಸೂರಿನಲ್ಲಿ ಕಲ್ಲಿದ್ದಲಿರಲಿಲ್ಲ. ಆದುದರಿಂದ ಮಲೆನಾಡಿನ ಮರವನ್ನು ಇದ್ದಿಲಾಗಿಸಿ ಕಬ್ಬಿಣ ಕರಗಿಸುವ ಯೋಜನೆಯಾಯಿತು. ಮರವನ್ನು ಗಾಳಿಯಾಡದ ಪಾತ್ರೆಯಲ್ಲಿ ಕಾಸಿದರೆ ಇದ್ದಿಲಿನೊಡನೆ ಮದ್ಯಸಾರ, ಅಸಿಟೇಟು, ಡಾಂಬರುಗಳೂ ದೊರೆಯುತ್ತವೆ. ಅವುಗಳ ಮಾರಾಟವೂ ಕೈಹಿಡಿಯುವುದೆಂಬ ನಿರೀಕ್ಷೆ. ಆದರೆ 1923ರಲ್ಲಿ ಉತ್ಪಾದನೆ ಆರಂಭವಾಗುವ ವೇಳೆಗೆ ಯುದ್ಧಕಾಲದ ಕಬ್ಬಿಣದ ಬೆಲೆ ಇಳಿದಿತ್ತು. ಅದೇ ವರ್ಷ ಜರ್ಮನಿಯಲ್ಲಿ ಮರವಿಲ್ಲದೆಯೇ ಆ ಮದ್ಯಸಾರವನ್ನು ತಯಾರಿಸುವ ವಿಧಾನ ಕಾರ್ಖಾನೆಯ ಮಟ್ಟದಲ್ಲಿ ಕೈಗೂಡಿತು.

ಅಂಥ ಹೊತ್ತಿನಲ್ಲಿ, ಅರವತ್ತು ದಾಟಿದ ವಿಶ್ವೇಶ್ವರಯ್ಯನವರು ಕಾರ್ಖಾನೆಯ ಅಧ್ಯಕ್ಷತೆಯನ್ನು ವಹಿಸಿ 1929ರವರೆಗೆ ಹೊತ್ತರು. ವೆಚ್ಚ ತಗ್ಗಿಸಿದರು; ಹೊರದೇಶದ ತಜ್ಞರ ಸ್ಥಾನದಲ್ಲಿ ನಾಡಿನವರನ್ನು ತರಬೇತುಗೊಳಿಸಿದರು. ತಮಗೆ ಸಂದ ಸಂಭಾವನೆಯನ್ನು ಮುಂದೆ ಬೆಂಗಳೂರಿನಲ್ಲಿ ವೃತ್ತಿಶಿಕ್ಷಣ ಸಂಸ್ಥೆಯೊಂದಕ್ಕೆ ಬಿಟ್ಟುಕೊಟ್ಟರು. ಗೆದ್ದ ಕಾರ್ಯಕ್ಕೆ ಯಜಮಾನರು ಅನೇಕರಿರುತ್ತಾರೆ. ಸೋಲಿನ ಅಂಚಿನಲ್ಲಿದ್ದುದನ್ನು ತನ್ನದೆಂದವರು ವಿರಳ.

1936ರಲ್ಲಿ ಅದೇ ಭದ್ರಾವತಿಯಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪಿತವಾಯಿತು. ಬಿದಿರು ಕನ್ನಡದ ಓದುಬರಹಕ್ಕೆ ಹಾಳೆಯಾಯಿತು. ಈಚಿನ ವರ್ಷಗಳಲ್ಲಿ ಆ ಯಂತ್ರಗಳು ನಿಂತಿವೆ.

1962ರಲ್ಲಿ, ನೂರು ತುಂಬಿದ ಮೇಲೆ, ವಿಶ್ವೇಶ್ವರಯ್ಯನವರು ತೀರಿಕೊಂಡರು. ಕಾಸುಕಾಸಿಗೂ ಲೆಕ್ಕವಿಟ್ಟ ಆ ಮಹನೀಯರ ಕಾಲದ ಪುಸ್ತಕದಲ್ಲಿ ಕಾಡಿನ ಋಣಕ್ಕೆ ತಕ್ಕ ಅಂಕಣವಿರಲಿಲ್ಲವೆಂದು ಗೌರವದಿಂದಲೇ ಹೇಳಬೇಕಾಗಿದೆ. ಮಾನ್ವಿಯಿಂದ ಬರುವ ನನ್ನ ವಿದ್ಯಾರ್ಥಿಗಳು ಅರ್ಧ ಬರೆದ ಹಾಳೆಯನ್ನು ಹರಿದೆಸೆದಾಗ ನಾನು ಗದರುವುದಿಲ್ಲ. ಈ ಕಥೆಯನ್ನು ಹೇಳುತ್ತೇನೆ. ಆ ಅಂಕಣವನ್ನು ತುಂಬಬೇಕಾದವರು ಅವರು.