ಲೂಥರ್ ಬರ್ಬ್ಯಾಂಕ್

ಲೂಥರ್ ಬರ್ಬ್ಯಾಂಕನು 1849ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ಪ್ರಾಂತದ ಲ್ಯಾಂಕಸ್ಟರಿನಲ್ಲಿ ಜನಿಸಿದನು. ನಮ್ಮ ಸೇವಂತಿಗೆಯ ಬಳಗಕ್ಕೆ ಸೇರಿದ ಡೇಸಿ ಎಂಬ ಕಾಡುಹೂವು ಆ ಸೀಮೆಯ ರೈತರಿಗೆ ಕೇವಲ ಕಳೆ. ಬಾಲಕ ಲೂಥರನಿಗೆ ಅಚ್ಚುಮೆಚ್ಚು.

1875ರಲ್ಲಿ ಆತನು ಕ್ಯಾಲಿಫೋರ್ನಿಯದ ಸಾಂಟಾ ರೋಸಾದಲ್ಲಿ ನೆಲಸಿದನು. ಹಿಮದಂತೆ ಬೆಳ್ಳಗಿರುವ, ಬೇಗನೆ ಬಾಡದ ದೊಡ್ಡ ಡೇಸಿಯನ್ನು ಪಡೆಯಬೇಕೆಂಬ ಹಂಬಲದಿಂದ 1884ರ ಸುಮಾರಿಗೆ ಅದರ ಬೀಜಗಳನ್ನು ಬಿತ್ತಿದನು. ಯುರೋಪಿನ ದೊಡ್ಡ ಡೇಸಿಯ ಪರಾಗವನ್ನು ಸೋಂಕಿಸಿದಾಗ ಹೂವಿನ ಗಾತ್ರ ಹೆಚ್ಚಿತು. ಬಿಳುಪು ಮಾತ್ರ ಸಾಲದಾಯಿತು. ವರ್ಷವರ್ಷವೂ ಅಸಂಖ್ಯ ಸಸಿಗಳಲ್ಲಿ ಉತ್ತಮವಾದ ಕೆಲವನ್ನೇ ಉಳಿಸಿ, ಅವುಗಳ ಬೀಜವನ್ನು ಮತ್ತೆ ಬಿತ್ತಿದನು, ಮಿಕ್ಕವನ್ನು ಕಿತ್ತುಹಾಕಿದನು. ಕಡೆಗೆ ಜಪಾನಿನ ಡೇಸಿಯೊಂದು ನೆರವಾಯಿತು. ಅದರ ಹೂವು ಕಿರಿದು, ಆದರೆ ಅಚ್ಚ ಬಿಳುಪು. ಆ ಸಂಕರದ ಸಂತತಿಯಲ್ಲಿ ಬಯಸಿದ ಹೂವು ಅರಳಿತು. 1901ರಲ್ಲಿ ಅದು ಲೋಕಕ್ಕೆ ದೊರೆಯಿತು. ಹಿಮಾಚ್ಛಾದಿತವಾದ ಶಾಸ್ತಾ ಪರ್ವತದ ನೆನಪಿಗೆ ಅದಕ್ಕೆ ಶಾಸ್ತಾ ಡೇಸಿ ಎಂದು ಹೆಸರಿಟ್ಟನು.

ಪ್ರಯೋಗಗಳ ದಾಖಲೆಯನ್ನು ಕ್ರಮವಾಗಿ ಇಡಲಿಲ್ಲವೆಂದು ವಿಜ್ಞಾನಿಗಳು ಆತನನ್ನು ಆಕ್ಷೇಪಿಸಿದರು. ಅದು ನಿಜವಾದ ಕೊರತೆಯೇ. ಆದರೆ ಆತನ ತಾಳ್ಮೆಯಲ್ಲಿ ಕೊರತೆಯಿರಲಿಲ್ಲ.

1926ರಲ್ಲಿ ತೀರಿಕೊಂಡ ಬರ್ಬ್ಯಾಂಕನ ಸಮಾಧಿಯು ಸಾಂಟಾ ರೋಸಾದ ಆತನ ಮನೆಯ ಆವರಣದಲ್ಲಿಯೇ ಇದೆ. ಕುಂಡದಲ್ಲಿ ಬೀಜವನ್ನು ಬಿತ್ತಿ ಮರುದಿನವೇ ಮೊಳಕೆಯನ್ನು ಅರಸುವ ನಮಗೆ ಆತನ ಆ 17 ವರ್ಷಗಳು ನೆನಪಿನಲ್ಲಿರಲಿ.